ನಿಗಾ ಘಟಕದ ಒಳಗಿರುವವರ ಮನಸ್ಸು

ಆಸ್ಪತ್ರೆಯ ತೀವ್ರ ನಿಗಾ ಘಟಕ, ಅಂದರೆ ನಾವೆಲ್ಲ ಐ.ಸಿ.ಯು. ಎಂದು ಕರೆಯುವ ವಿಭಾಗ, ನಮ್ಮಲ್ಲಿ ಬಹಳ ಮಂದಿಗೆ ಹೊರಗಿನಿಂದ ಮಾತ್ರ ಪರಿಚಯ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಸಂಜೆ ಐದು ನಿಮಿಷ ಒಬ್ಬೊಬ್ಬರಾಗಿ ಒಳಗೆ ಹೋಗಿ ಬರುತ್ತೇವೆ. ಉಳಿದ ಹೊತ್ತೆಲ್ಲ ಹೊರಗಿನ ಕುರ್ಚಿಯಲ್ಲಿ ಕೂತು, ಬಾಗಿಲು ತೆರೆದಾಗಲೆಲ್ಲ ತಲೆ ಎತ್ತುತ್ತೇವೆ. ಒಳಗೆ ಹೋದಾಗಲೂ ನಮ್ಮ ಕಣ್ಣು ನಮ್ಮವರ ಮೇಲಿರುತ್ತದೆ, ಇಲ್ಲವೆ ಅವರ ತಲೆಯ ಬಳಿ ಗೆರೆಗಳು ಓಡುತ್ತಿರುವ ಪರದೆಯ ಮೇಲಿರುತ್ತದೆ. ಪಕ್ಕದಲ್ಲಿ ನಿಂತಿದ್ದ ನರ್ಸಿನ ಮುಖ ಆಮೇಲೆ ನೆನಪಿನಲ್ಲಿ ಉಳಿಯುವುದು ಅಪರೂಪ. ಕೋವಿಡ್ ಮಹಾಮಾರಿಯ ಕಾಲದಲ್ಲಿ ಆ ಮುಖದ ಹಿಂದಿನ ಮನಸ್ಸಿಗೆ ಏನಾಯಿತು, ಯಾಕಾಯಿತು ಎಂಬುದೇ ಈ ಹೊತ್ತಿನ ವಿಷಯ.

ಮೊದಲು ಅಲ್ಲಿಯ ಕೆಲಸ ಎಂಥದೆಂದು ತಿಳಿಯೋಣ. ಕೃತಕ ಉಸಿರಾಟದ ಯಂತ್ರಕ್ಕೆ, ಎಂದರೆ ವೆಂಟಿಲೇಟರಿಗೆ, ಜೋಡಿಸಿದ ರೋಗಿ ಮಾತಾಡಲಾರ, ಕೆಮ್ಮಲಾರ, ಮಗ್ಗುಲು ಬದಲಿಸಲಾರ. ಅವನ ಪರವಾಗಿ ಇವೆಲ್ಲವನ್ನೂ ಇನ್ನೊಬ್ಬರು ಮಾಡಬೇಕು. ಗಂಟಲಿನ ಕೊಳವೆಯಿಂದ ಕಫ ತೆಗೆಯಬೇಕು. ಬೆನ್ನು ಹುಣ್ಣಾಗದಂತೆ ಹೊರಳಿಸಬೇಕು, ಕಣ್ಣು ಒಣಗದಂತೆ ನೋಡಿಕೊಳ್ಳಬೇಕು. ರಕ್ತದೊತ್ತಡ, ಆಮ್ಲಜನಕದ ಮಟ್ಟ, ಮೂತ್ರದ ಪ್ರಮಾಣ ಎಲ್ಲವನ್ನೂ ಗಂಟೆ ಗಂಟೆಗೆ ಬರೆದಿಡಬೇಕು. ನಾಲ್ಕೈದು ಪಂಪುಗಳಿಂದ ಹನಿಹನಿಯಾಗಿ ಹೋಗುವ ಔಷಧಿಗಳಲ್ಲಿ ಒಂದು ಮುಗಿಯುವ ಮೊದಲೇ ಇನ್ನೊಂದು ಸಿದ್ಧವಾಗಿರಬೇಕು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಇಂಥ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬ ನಿಯಮ ಇರುವುದು ಇದೇ ಕಾರಣಕ್ಕೆ. ಅದೊಂದು ಔದಾರ್ಯವಲ್ಲ, ಆ ಕೆಲಸಕ್ಕೆ ಬೇಕಾದ ಅಳತೆ.

ಈ ವಿಭಾಗ ಹುಟ್ಟಿದ್ದೇ ಒಂದು ಸಾಂಕ್ರಾಮಿಕದ ನಡುವೆ ಎಂಬುದು ನಿಮಗೆ ಕುತೂಹಲ ಎನಿಸಬಹುದು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಹಬ್ಬಿತು. ಉಸಿರಾಟದ ಸ್ನಾಯುಗಳೇ ಸ್ತಬ್ಧವಾದ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬ್ಲೆಗ್‌ಡ್ಯಾಮ್ ಆಸ್ಪತ್ರೆಗೆ ಬಂದರು. ಮೊದಲ ವಾರಗಳಲ್ಲಿ ಅಂಥ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಆಗ ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಒಂದು ದಾರಿ ಸೂಚಿಸಿದರು. ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಹಿಸುಕಿ ಶ್ವಾಸಕೋಶಕ್ಕೆ ಗಾಳಿ ತುಂಬುವುದು. ಆಗಸ್ಟ್ 27ರಂದು 12 ವರ್ಷದ ಒಬ್ಬ ಹುಡುಗಿಯ ಮೇಲೆ ಇದನ್ನು ಪ್ರಯೋಗಿಸಿದರು. ಹುಡುಗಿ ಉಳಿದಳು. ಆದರೆ ಚೀಲವನ್ನು ಹಗಲೂ ರಾತ್ರಿಯೂ ಹಿಸುಕುವವರು ಯಾರು? ವೈದ್ಯಕೀಯ ವಿದ್ಯಾರ್ಥಿಗಳನ್ನು ಕರೆಸಿದರು. ಸುಮಾರು 1500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಗಳ ಬಳಿ ಕುಳಿತು ತಿಂಗಳುಗಟ್ಟಲೆ ಚೀಲ ಹಿಸುಕಿದರು. ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಮರುವರ್ಷ ಇಬ್ಸೆನ್ ಅದೇ ನಗರದ ಮತ್ತೊಂದು ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗಾಗಿಯೇ ಒಂದು ವಿಭಾಗ ತೆರೆದರು. ಇಂದಿನ ಐ.ಸಿ.ಯು.ಗಳಿಗೆಲ್ಲ ಅದೇ ಮೂಲ.

ವೈದ್ಯ ವಿಜ್ಞಾನದ ಈ ಗೆಲುವನ್ನು ಪುಸ್ತಕಗಳು ಬಣ್ಣಿಸುತ್ತವೆ. ಆದರೆ ಆ ಚೀಲ ಹಿಡಿದವರು ಇಪ್ಪತ್ತು ಇಪ್ಪತ್ತೆರಡು ವಯಸ್ಸಿನವರು ಎಂಬುದನ್ನು ನೆನಪಿಡಿ. ಮಾತಾಡಲಾಗದ ಮಗುವಿನ ಕಣ್ಣುಗಳನ್ನೇ ನೋಡುತ್ತ ಆರೆಂಟು ಗಂಟೆ ಕೂತಿರುವುದು. ಆ ಮಗು ಉಳಿಯದಿದ್ದರೆ, ಕೊನೆಯ ಉಸಿರನ್ನು ತುಂಬಿದ ಕೈಯೂ ತಮ್ಮದೇ. ಯಂತ್ರಗಳು ಬಂದ ಮೇಲೆ ಕೈಗೆ ಬಿಡುವಾಯಿತು. ಆದರೆ ರೋಗಿಗೂ ನೋಡಿಕೊಳ್ಳುವವರಿಗೂ ನಡುವಿನ ಈ ಹತ್ತಿರದ ನಂಟು ಹಾಗೆಯೇ ಉಳಿಯಿತು.

ಇನ್ನು 2020ಕ್ಕೆ ಬರೋಣ. ಇಂಗ್ಲೆಂಡಿನ ಉದಾಹರಣೆಯನ್ನೇ ನಾನು ಆರಿಸಿಕೊಳ್ಳಲು ಕಾರಣವಿದೆ: ಅಲ್ಲಿ ಐ.ಸಿ.ಯು. ಸಿಬ್ಬಂದಿಯನ್ನೇ ಕೇಳಿ ಲೆಕ್ಕ ಇಟ್ಟಿದ್ದಾರೆ. ಮಂಗಳೂರು, ಬೆಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿದವರೂ ಅಲ್ಲಿಯ ವಾರ್ಡುಗಳಲ್ಲಿದ್ದಾರೆ. ನಿಮ್ಮ ಪರಿಚಯದವರ ಮಗಳೋ ಸೊಸೆಯೋ ಇದ್ದರೆ ಆಶ್ಚರ್ಯವಿಲ್ಲ. ಆ ವಸಂತದಲ್ಲಿ ರೋಗಿಗಳು ಎಷ್ಟು ವೇಗವಾಗಿ ಬಂದರೆಂದರೆ, ಒಬ್ಬರಿಗೊಬ್ಬರು ಎಂಬ ನಿಯಮವನ್ನು ಸಡಿಲಿಸಬೇಕಾಯಿತು. ಐ.ಸಿ.ಯು. ತರಬೇತಿ ಪಡೆದ ಒಬ್ಬ ನರ್ಸ್, ಬೇರೆ ವಿಭಾಗಗಳಿಂದ ಬಂದವರ ನೆರವಿನೊಂದಿಗೆ, ಆರು ರೋಗಿಗಳವರೆಗೂ ನೋಡಿಕೊಳ್ಳಬಹುದೆಂದು ಮೇಲಿನವರು ಒಪ್ಪಿದರು. ಶಸ್ತ್ರಕ್ರಿಯಾ ಕೊಠಡಿಗಳು ಐ.ಸಿ.ಯು.ಗಳಾದವು. ಮಕ್ಕಳ ವಾರ್ಡಿನವರು, ಹೊರರೋಗಿ ವಿಭಾಗದವರು ಒಂದೆರಡು ದಿನದ ತರಬೇತಿಯ ಮೇಲೆ ವೆಂಟಿಲೇಟರಿನ ಪಕ್ಕ ನಿಂತರು.

ಕೆಲಸದ ಸ್ವರೂಪವೂ ಬದಲಾಯಿತು. ಪಿ.ಪಿ.ಇ. ಉಡುಪು ತೊಟ್ಟರೆ ಯಾರು ಯಾರೆಂದು ಗುರುತು ಸಿಗುವುದಿಲ್ಲ, ಎದೆಯ ಮೇಲೆ ಪೆನ್ನಿನಿಂದ ಹೆಸರು ಬರೆದುಕೊಳ್ಳಬೇಕು. ಬಿಗಿಯಾದ ಮುಖಗವಸಿನ ಒಳಗಿನಿಂದ ಮಾತು ಕೇಳಿಸುವುದಿಲ್ಲ. ಸಹೋದ್ಯೋಗಿಯ ಒಂದು ಮುಗುಳ್ನಗೆಯೂ ಕಾಣದು. ರೋಗಿಯನ್ನು ಕವುಚಿ ಮಲಗಿಸಿದರೆ ಆಮ್ಲಜನಕ ಚೆನ್ನಾಗಿ ಏರುತ್ತದೆಂದು ದಿನಕ್ಕೆ ಸುಮಾರು 16 ಗಂಟೆ ಹಾಗೆ ಮಲಗಿಸುವರು. ಕೊಳವೆ ಒಂದೂ ಜಾರದಂತೆ ಒಬ್ಬರನ್ನು ತಿರುಗಿಸಲು ಐದರಿಂದ ಏಳು ಮಂದಿ ಬೇಕು. ಹೀಗೆ ಒಬ್ಬರಾದ ಮೇಲೆ ಒಬ್ಬರು. ಬಂಧುಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಸಾಯುತ್ತಿರುವವರ ಮುಖದ ಮುಂದೆ ಟ್ಯಾಬ್ಲೆಟ್ ಹಿಡಿದು ನಿಲ್ಲುವುದೂ ನರ್ಸಿನ ಕೆಲಸವಾಯಿತು. ಆ ಕಡೆಯಿಂದ ಮಗಳು ಅಳುತ್ತಿರುತ್ತಾಳೆ. ಈ ಕಡೆ ಸಾಧನವನ್ನು ಅಲುಗದಂತೆ ಹಿಡಿದವಳು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾಳೆ, ಕೇಳಿಸಿಕೊಳ್ಳಬಾರದ ಮಾತುಗಳನ್ನೂ. ಮೊದಲ ಅಲೆಯಲ್ಲಿ ಅಲ್ಲಿಯ ಐ.ಸಿ.ಯು.ಗಳಿಗೆ ಸೇರಿದ ಕೋವಿಡ್ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಬದುಕಲಿಲ್ಲ. ಹಿಂದಿನ ವರ್ಷಗಳಲ್ಲಿ ಬೇರೆ ವೈರಸ್ಸುಗಳ ನ್ಯುಮೋನಿಯಾದಿಂದ ಇಲ್ಲಿ ಸೇರಿದವರಲ್ಲಿ ಸಾಯುತ್ತಿದ್ದವರು ಸುಮಾರು ಐದರಲ್ಲಿ ಒಬ್ಬರು. ಸಾವನ್ನು ಕಂಡೇ ಅಭ್ಯಾಸವಿದ್ದವರಿಗೂ ಇದು ಹೊಸದು.

ಆ ಅಲೆ ಇಳಿದ ಮೇಲೆ, 2020ರ ಜೂನ್ ಮತ್ತು ಜುಲೈ ತಿಂಗಳಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜಿನ ಮನೋವೈದ್ಯ ನೀಲ್ ಗ್ರೀನ್‌ಬರ್ಗ್ ಮತ್ತು ಸಂಗಡಿಗರು ಒಂಬತ್ತು ಐ.ಸಿ.ಯು.ಗಳ 709 ಮಂದಿಯಿಂದ ಪ್ರಶ್ನಾವಳಿಗೆ ಉತ್ತರ ಪಡೆದರು. ವೈದ್ಯರು, ನರ್ಸುಗಳು, ಇತರರು ಎಲ್ಲರೂ ಇದ್ದರು. ಅರ್ಧಕ್ಕಿಂತ ತುಸು ಕಡಿಮೆ, ಅಂದರೆ ಶೇಕಡ 45 ಮಂದಿ, ತೀವ್ರ ಖಿನ್ನತೆ, ತೀವ್ರ ಆತಂಕ, ಆಘಾತೋತ್ತರ ಮನೋಬೇನೆ, ಅತಿಯಾದ ಕುಡಿತ ಈ ನಾಲ್ಕರಲ್ಲಿ ಒಂದರ ಗಡಿಯನ್ನಾದರೂ ದಾಟಿದ್ದರು. ಆಘಾತೋತ್ತರ ಬೇನೆಯೊಂದೇ ಶೇಕಡ 40. ಎಲ್ಲಕ್ಕಿಂತ ಕಳವಳದ ಅಂಕಿ ಶೇಕಡ 13. ಇವರು ಹಿಂದಿನ ಎರಡು ವಾರಗಳಲ್ಲಿ, ತಾನು ಇಲ್ಲದಿದ್ದರೇ ಚೆನ್ನ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕು ಎಂಬ ಯೋಚನೆ ಮತ್ತೆ ಮತ್ತೆ ಬಂದಿತೆಂದು ಹೇಳಿದವರು. ನರ್ಸುಗಳ ಸ್ಥಿತಿ ವೈದ್ಯರಿಗಿಂತ ಹೆಚ್ಚು ಕಷ್ಟದಲ್ಲಿತ್ತು.

ವಿಜ್ಞಾನ ಓದಿದವನಾಗಿ ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಪ್ರಶ್ನಾವಳಿ ರೋಗ ನಿರ್ಧಾರ ಮಾಡುವುದಿಲ್ಲ, ಅದು ಜರಡಿ ಮಾತ್ರ. ಉತ್ತರಿಸಿದವರು ತಾವಾಗಿ ಮುಂದೆ ಬಂದವರು, ಚೀಟಿ ಎತ್ತಿ ಆರಿಸಿದವರಲ್ಲ. ಅವರೇ ಜನವನ್ನು ಮಹಾಮಾರಿಗೆ ಮುಂಚೆ ಕೇಳಿದ್ದರೆ ಏನು ಬರುತ್ತಿತ್ತೋ ಆ ಹೋಲಿಕೆಯೂ ಅದರಲ್ಲಿಲ್ಲ. ಅದೇ 709 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮ ಒಟ್ಟಾರೆ ಸ್ಥಿತಿ ಚೆನ್ನಾಗಿಯೇ ಇದೆ ಎಂದೂ ಹೇಳಿದ್ದರು. ಹಾಗಾಗಿ ಐ.ಸಿ.ಯು.ವಿನಲ್ಲಿ ಅರ್ಧ ಮಂದಿ ಮನೋರೋಗಿಗಳು ಎಂದು ಓದಿಕೊಂಡರೆ ತಪ್ಪಾಗುತ್ತದೆ. ಆದರೆ ಈ ಎಲ್ಲ ಕಳೆದ ಮೇಲೂ ಉಳಿಯುವುದು ಸಣ್ಣ ಸಂಗತಿಯಲ್ಲ. ಗಾಢ ನಿದ್ದೆಯಿಂದ ಎದ್ದು ಯಂತ್ರದ ಗಂಟೆ ಕೇಳಿಸಿತೆಂದು ಕೂರುವವರು, ಆಸ್ಪತ್ರೆಯ ದಾರಿಯನ್ನೇ ತಪ್ಪಿಸಿ ಸುತ್ತು ಹಾಕಿ ಹೋಗುವವರು, ಮನೆಯವರ ಮೇಲೆ ಕಾರಣವಿಲ್ಲದೆ ಸಿಡಿಯುವವರು, ಇವರ ಕೈಯಲ್ಲೇ ನಾಳೆ ನಮ್ಮ ಔಷಧಿಯ ಪಂಪು ಇರುತ್ತದೆ.

ಇದಕ್ಕೆ ಕಾರಣವೇನು? ಸೋಂಕಿನ ಭಯ ಎಂದು ನೀವು ಥಟ್ಟನೆ ಹೇಳಬಹುದು. ಭಯ ಇತ್ತು, ನಿಜ. ಮನೆಗೆ ಹೋದರೆ ಮಕ್ಕಳಿಗೆ ಅಂಟೀತೆಂಬ ಭಯ ಅದಕ್ಕಿಂತ ದೊಡ್ಡದಿತ್ತು. ದಣಿವೂ ಇತ್ತು. ಆದರೆ ಈ ವಿಷಯವನ್ನು ಅಧ್ಯಯನ ಮಾಡಿದವರು ಇನ್ನೊಂದು ಕಾರಣದ ಕಡೆ ಮತ್ತೆ ಮತ್ತೆ ಬೆರಳು ತೋರಿಸುತ್ತಾರೆ. ಮಾಡಬೇಕಾದ್ದು ಏನೆಂದು ಸ್ಪಷ್ಟವಾಗಿ ಗೊತ್ತಿದೆ, ಮಾಡುವ ಕೌಶಲವೂ ಇದೆ, ಆದರೆ ಮಾಡಲು ಕೈ ಸಾಲದು, ಹಾಸಿಗೆ ಸಾಲದು, ಹೊತ್ತು ಸಾಲದು. ಮೂರನೆಯ ಹಾಸಿಗೆಯವರಿಗೆ ಬಾಯಿ ಒರೆಸಬೇಕಿತ್ತು. ಅಷ್ಟರಲ್ಲಿ ಐದನೆಯ ಹಾಸಿಗೆಯ ಗಂಟೆ ಬಾರಿಸಿತು. ಹಿಂತಿರುಗಿ ಬರುವಾಗ ಮೂರನೆಯವರು ಇಲ್ಲ. ಯಾರೂ ಅವಳನ್ನು ದೂರುವುದಿಲ್ಲ. ಅವಳೇ ದೂರಿಕೊಳ್ಳುತ್ತಾಳೆ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಿಗೆ ಚಿಕಿತ್ಸೆ ನೀಡಿದ ಮನೋವೈದ್ಯ ಜೊನಾಥನ್ ಶೇ ಇಂಥದನ್ನು ನೈತಿಕ ಗಾಯ ಎಂದು ಕರೆದರು. ಮನಸ್ಸಾಕ್ಷಿಗೆ ಬಿದ್ದ ಪೆಟ್ಟು ಎಂದರೆ ನಮಗೆ ಇನ್ನೂ ಸುಲಭವಾಗಿ ಅರ್ಥವಾಗುತ್ತದೆ. ಇದು ತಾನೇ ಕಾಯಿಲೆಯಲ್ಲ. ಮಾಯದೆ ಉಳಿದರೆ ಖಿನ್ನತೆಗೂ ಆಘಾತೋತ್ತರ ಬೇನೆಗೂ ದಾರಿ ಮಾಡುತ್ತದೆ. ನರ್ಸುಗಳಿಗೆ ಇದು ಹೆಚ್ಚು ತಟ್ಟಿದ್ದರಲ್ಲಿ ನನಗೇನೂ ಆಶ್ಚರ್ಯ ಕಾಣದು. ವೈದ್ಯರು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತಾರೆ, ನರ್ಸ್ ಪಾಳಿ ಪೂರ್ತಿ ಒಂದೇ ಕಡೆ ಇರುತ್ತಾಳೆ.

ಈ ದೃಷ್ಟಿಯಿಂದ ನೋಡಿದರೆ ಆಗಿನ ಚಪ್ಪಾಳೆಗಳು ಬೇರೆಯಾಗಿ ಕೇಳಿಸುತ್ತವೆ. ನಮ್ಮಲ್ಲಿ 2020ರ ಮಾರ್ಚ್ 22ರ ಸಂಜೆ ಐದಕ್ಕೆ ತಟ್ಟೆ, ಜಾಗಟೆ ಬಾರಿಸಿದೆವು. ಬ್ರಿಟನ್ನಿನಲ್ಲಿ ಆ ವಾರದಿಂದಲೇ ಹತ್ತು ಗುರುವಾರ ರಾತ್ರಿ ಎಂಟಕ್ಕೆ ಚಪ್ಪಾಳೆ ತಟ್ಟಿದರು. ಜನರ ಕೃತಜ್ಞತೆ ಸುಳ್ಳಲ್ಲ, ಅದರಿಂದ ಕಣ್ಣು ತುಂಬಿಕೊಂಡವರೂ ಉಂಟು. ಆದರೆ ವೀರ, ಯೋಧ ಎಂದು ಕರೆಸಿಕೊಂಡವರು ನನಗೆ ಆಗುತ್ತಿಲ್ಲ ಎಂದು ಹೇಳುವುದು ಹೇಗೆ? ಇಂದು ಬಾಯಿ ಒರೆಸಲಾಗದೆ ಹೋಯಿತು ಎಂದು ಕೊರಗುತ್ತಿರುವವರಿಗೆ ಹೂಮಳೆ ಸುರಿದರೆ ಒಳಗಿನ ನಾಚಿಕೆ ಹೆಚ್ಚುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. ದೂರದರ್ಶನದಲ್ಲಿ ಕಾರ್ಯಕ್ರಮ ತಯಾರಿಸುವ ನನ್ನಂಥವರಿಗೆ ಇದರ ಇನ್ನೊಂದು ಮುಖವೂ ಗೊತ್ತು. ಚಪ್ಪಾಳೆ ಒಳ್ಳೆಯ ಚಿತ್ರವಾಗುತ್ತದೆ. ವಾರದಲ್ಲಿ ನಾಲ್ಕನೆಯ ಬಾರಿ ಬದಲಾದ ಡ್ಯೂಟಿ ಪಟ್ಟಿ ಚಿತ್ರವಾಗುವುದಿಲ್ಲ.

ಹೇಳಿಕೊಳ್ಳಲು ಅಡ್ಡಿಯಾಗುವುದು ನಾಚಿಕೆ ಮಾತ್ರವಲ್ಲ. ನ್ಯೂಯಾರ್ಕಿನ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಮುಖ್ಯಸ್ಥೆ ಡಾ. ಲೋರ್ನಾ ಬ್ರೀನ್ 2020ರ ಏಪ್ರಿಲ್‌ನಲ್ಲಿ ಪ್ರಾಣ ಕಳೆದುಕೊಂಡರು. ಮಾನಸಿಕ ಚಿಕಿತ್ಸೆ ಪಡೆದದ್ದು ತಿಳಿದರೆ ವೈದ್ಯ ವೃತ್ತಿಯ ಪರವಾನಗಿಗೇ ಕುತ್ತು ಬರಬಹುದೆಂಬ ಅಂಜಿಕೆ ಅವರಿಗಿತ್ತೆಂದು ಮನೆಯವರು ಹೇಳಿದರು. ಅವರ ಹೆಸರಿನ ಕಾಯಿದೆಯೊಂದಕ್ಕೆ 2022ರ ಮಾರ್ಚ್‌ನಲ್ಲಿ ಅಮೆರಿಕದ ಅಧ್ಯಕ್ಷರ ಅಂಕಿತ ಬಿತ್ತು. ಆರೋಗ್ಯ ಸಿಬ್ಬಂದಿಯ ಮನಸ್ಸಿನ ಆರೋಗ್ಯಕ್ಕೆ ಹಣ ಒದಗಿಸುವ ಕಾಯಿದೆ ಅದು.

ಅಲೆ ಇಳಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಕೆನಡಾದ ಟೊರೊಂಟೊ ನಗರದ ಅನುಭವ ಹುಸಿಗೊಳಿಸುತ್ತದೆ. 2003ರಲ್ಲಿ ಅಲ್ಲಿ ಸಾರ್ಸ್ ರೋಗ ಬಂದು ಕೆಲವೇ ತಿಂಗಳಲ್ಲಿ ಹೋಯಿತು. ರೋಗ ಹೋಗಿ ಒಂದರಿಂದ ಎರಡು ವರ್ಷಗಳ ಮೇಲೆ ರಾಬರ್ಟ್ ಮಾಂಡರ್ ಎಂಬ ಮನೋವೈದ್ಯರ ತಂಡ, ಸಾರ್ಸ್ ರೋಗಿಗಳನ್ನು ನೋಡಿಕೊಂಡ ಟೊರೊಂಟೊದ ಆಸ್ಪತ್ರೆಗಳ ಸಿಬ್ಬಂದಿಯನ್ನೂ ಆ ರೋಗಿಗಳನ್ನು ಕಾಣದ ಹತ್ತಿರದ ಹ್ಯಾಮಿಲ್ಟನ್ ನಗರದವರನ್ನೂ ಹೋಲಿಸಿ ನೋಡಿತು. ಮಾನಸಿಕ ಕ್ಲೇಶದ ಗುರುತುಗಳು ಹ್ಯಾಮಿಲ್ಟನ್ನಿನಲ್ಲಿ ಶೇಕಡ 30 ಮಂದಿಯಲ್ಲಿ ಕಂಡರೆ ಟೊರೊಂಟೊದಲ್ಲಿ ಶೇಕಡ 45 ಮಂದಿಯಲ್ಲಿ ಕಂಡವು. ಟೊರೊಂಟೊದವರು ರೋಗಿಗಳ ಜೊತೆಗಿನ ಕೆಲಸದ ಹೊತ್ತನ್ನು ಕಡಿಮೆ ಮಾಡಿಕೊಂಡದ್ದೂ ರಜೆ ಹಾಕಿದ್ದೂ ಹೆಚ್ಚು. ತಮಗೆ ಸಾಕಷ್ಟು ತರಬೇತಿ ಸಿಕ್ಕಿತ್ತು, ಆಸರೆ ಇತ್ತು ಎಂದು ಭಾವಿಸಿದವರಲ್ಲಿ ಮಾತ್ರ ತೊಂದರೆ ಕಡಿಮೆ ಇತ್ತು.

ಹಾಗಾದರೆ ಮಾಡಬೇಕಾದ್ದೇನು? ಇಲ್ಲಿ ಉತ್ತರ ತುಸು ನೀರಸ ಎನಿಸಬಹುದು. ಘಟನೆಯ ಮರುದಿನವೇ ಎಲ್ಲರನ್ನೂ ಕೂರಿಸಿ, ಏನಾಯಿತು, ಏನೆನಿಸಿತು ಎಂದು ಒತ್ತಾಯದಿಂದ ಹೇಳಿಸುವ ಪದ್ಧತಿ ಹಿಂದೆ ಬಹಳ ಪ್ರಚಾರದಲ್ಲಿತ್ತು. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ಹಾನಿಯೂ ಆಗಬಹುದು ಎಂದು ಈಗ ಗೊತ್ತಾಗಿದೆ. ಬ್ರಿಟನ್ನಿನ ಚಿಕಿತ್ಸಾ ಮಾರ್ಗದರ್ಶಿ ಅದನ್ನು ಬೇಡವೆಂದೇ ಹೇಳುತ್ತದೆ. ಬೇಕಾದದ್ದು ಸಾಮಾನ್ಯ ಸಂಗತಿಗಳು. ಪಾಳಿ ಹೇಳಿದ ಹೊತ್ತಿಗೆ ಮುಗಿಯಬೇಕು. ನೀರು, ಬಿಸಿ ಊಟ, ಕಾಲು ಚಾಚಲು ಒಂದು ಜಾಗ ಇರಬೇಕು. ಹೊಸಬರ ಜೊತೆ ಅನುಭವಿಗಳನ್ನು ಜೋಡಿ ಮಾಡಬೇಕು. ಅತಿ ಕಷ್ಟದ ಜಾಗದಲ್ಲಿರುವವರನ್ನು ಆಗಾಗ ಬೇರೆಡೆಗೆ ಬದಲಿಸಬೇಕು. ಮುಖ್ಯವಾಗಿ, ಮೇಲ್ವಿಚಾರಣೆಯ ಸಿಸ್ಟರಿಗೆ ಅಥವಾ ಹಿರಿಯ ವೈದ್ಯರಿಗೆ ತಮ್ಮ ಕೈಕೆಳಗಿನವರನ್ನು ಹೇಗಿದ್ದೀಯ ಎಂದು ಕೇಳಿ ಉತ್ತರಕ್ಕಾಗಿ ಕಾಯುವ ವ್ಯವಧಾನ ಬೇಕು. ಗ್ರೀನ್‌ಬರ್ಗ್ ಅವರು ಹಿಂದೆ ನೌಕಾದಳದಲ್ಲಿ ಮನೋವೈದ್ಯರಾಗಿದ್ದವರು. ಅಲ್ಲಿಯ ಒಂದು ಪದ್ಧತಿಯಲ್ಲಿ ಹೊರಗಿನ ತಜ್ಞರ ಬದಲು ತಂಡದವರಿಗೇ ತರಬೇತಿ ಕೊಟ್ಟು, ಕಷ್ಟದ ಘಟನೆ ನಡೆದ ಮೇಲೆ ಜೊತೆಗಾರರ ಮೇಲೆ ಒಂದು ಕಣ್ಣಿಡುವಂತೆ ಮಾಡುತ್ತಾರೆ. ಕೆಲವು ದಿನ ಬಿಟ್ಟು ಒಮ್ಮೆ, ತಿಂಗಳ ಮೇಲೆ ಮತ್ತೊಮ್ಮೆ ಮಾತಾಡಿಸುತ್ತಾರೆ. ಆಗಲೂ ತೊಂದರೆ ಇಳಿಯದಿದ್ದರೆ ಮಾತ್ರ ವೈದ್ಯರ ಬಳಿ ಕಳಿಸುತ್ತಾರೆ. ಬಹುಪಾಲು ಜನ ಇಷ್ಟರಲ್ಲೇ ಚೇತರಿಸಿಕೊಳ್ಳುತ್ತಾರೆ.

ಇಂಗ್ಲೆಂಡಿನ ಹಲವು ಆಸ್ಪತ್ರೆಗಳು ವಾಬಲ್ ರೂಮ್ ಎಂಬ ಕೋಣೆಗಳನ್ನು ತೆರೆದವು. ಕಾಲು ಕುಸಿಯುವಂತಾದಾಗ ಹೋಗಿ ಕೂರುವ ಜಾಗ, ಯಾರೂ ಪ್ರಶ್ನೆ ಕೇಳುವುದಿಲ್ಲ. ವಿಮಾನಗಳು ನಿಂತುಹೋಗಿ ಕೆಲಸವಿಲ್ಲದೆ ಕೂತಿದ್ದ ವಿಮಾನ ಸಿಬ್ಬಂದಿ ತಮ್ಮ ಸಮವಸ್ತ್ರದಲ್ಲೇ ಬಂದು, ಆಸ್ಪತ್ರೆಯ ವಿಶ್ರಾಂತಿ ಕೊಠಡಿಗಳಲ್ಲಿ ನರ್ಸುಗಳಿಗೆ ಚಹಾ ಕೊಟ್ಟು ಮಾತಾಡಿಸಿದರು. ಹನ್ನೆರಡು ಗಂಟೆ ಬೇರೆಯವರ ಸೇವೆ ಮಾಡಿದವರಿಗೆ ಯಾರೋ ತಟ್ಟೆಯಲ್ಲಿಟ್ಟು ಒಂದು ಲೋಟ ಚಹಾ ಕೊಡುವುದು. ಈ ಇಡೀ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಸಂಗತಿ ಇದು.

ನಮ್ಮ ಕಡೆಗೆ ತಿರುಗಿದರೆ ಚಿತ್ರ ಇನ್ನೂ ಕಠಿಣ. 2021ರ ಏಪ್ರಿಲ್, ಮೇ ತಿಂಗಳ ಎರಡನೆಯ ಅಲೆಯಲ್ಲಿ ಬೆಂಗಳೂರಿನಲ್ಲಿ ಐ.ಸಿ.ಯು. ಹಾಸಿಗೆಗಾಗಿ ಜನ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದದ್ದು ನಿಮಗೆ ನೆನಪಿದೆ. ಇಲ್ಲ ಎಂದು ಹೇಳಿ ಕಳಿಸಬೇಕಾದವರು ಬಾಗಿಲಲ್ಲಿ ನಿಂತ ಕಿರಿಯ ವೈದ್ಯರೇ. ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯಾಗಿ, ಬೆಳಗಾಗುವಷ್ಟರಲ್ಲಿ 24 ರೋಗಿಗಳ ಸಾವು ವರದಿಯಾಯಿತು. ಹೊಣೆ ಯಾರದೆಂಬ ಚರ್ಚೆ ನಡೆಯಿತು, ವಿಚಾರಣೆಗಳೂ ನಡೆದವು, ನಡೆಯಬೇಕಾದ್ದೇ. ಆ ರಾತ್ರಿ ವಾರ್ಡಿನೊಳಗೆ ಪಾಳಿಯಲ್ಲಿದ್ದವರನ್ನು ಒಮ್ಮೆ ನೆನೆದುಕೊಳ್ಳಿ. ಸಿಲಿಂಡರ್ ಖಾಲಿಯಾಗುವುದನ್ನು ನೋಡುತ್ತ ನಿಲ್ಲುವುದಕ್ಕೆ ಯಾವ ಪಠ್ಯಪುಸ್ತಕವೂ ತರಬೇತಿ ಕೊಡುವುದಿಲ್ಲ. ನಮ್ಮಲ್ಲಿ ಗುತ್ತಿಗೆಯ ಮೇಲೆ ದುಡಿಯುವ ನರ್ಸುಗಳೂ ಬಹಳ. ರಜೆ ಕೇಳಿದರೆ ಕೆಲಸ ಹೋದೀತೆಂಬ ಅಳುಕು ಇರುವವರಿಗೆ ಮನಸ್ಸು ಸರಿಯಿಲ್ಲ ಎಂದು ಬರೆದುಕೊಡಲು ಧೈರ್ಯ ಎಲ್ಲಿಂದ ಬರಬೇಕು? ಬೇಸಿಗೆಯ ಸೆಖೆಯಲ್ಲಿ ಪಿ.ಪಿ.ಇ. ತೊಟ್ಟು, ಶೌಚಕ್ಕೆ ಹೋಗಲಾಗದೆಂದು ನೀರು ಕುಡಿಯದೆ ಆರು ಗಂಟೆ ಕಳೆದು ಬಂದವರಿಗೆ, ಕೆಲವೆಡೆ ಬಾಡಿಗೆ ಮನೆಯವರು ಖಾಲಿ ಮಾಡಿ ಎಂದದ್ದೂ ಉಂಟು. ಸಿಬ್ಬಂದಿಯ ಮೇಲೆ ಹಲ್ಲೆ ಮಾಡುವವರಿಗೆ ಕಠಿಣ ಶಿಕ್ಷೆ ವಿಧಿಸಲು 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಟೊರೊಂಟೊದ ಲೆಕ್ಕವನ್ನು ನಮಗೂ ಅನ್ವಯಿಸಿ ನೋಡಿದರೆ, ಆ ದಿನಗಳ ಗಾಯ ಇನ್ನೂ ಮಾಯದವರು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ, ಖಾಸಗಿ ನರ್ಸಿಂಗ್ ಹೋಮ್‌ಗಳಲ್ಲಿ ಈಗಲೂ ಪಾಳಿ ಮಾಡುತ್ತಿರಬೇಕು. ಅಂಥವರೊಬ್ಬರು ನಿಮ್ಮ ಮನೆಯಲ್ಲೇ ಇರಬಹುದು. ರಾತ್ರಿ ಪಾಳಿ ಮುಗಿಸಿ ಬಂದವರಿಗೆ ಮೊದಲು ನಿದ್ದೆ ಬೇಕು. ಹಗಲಿನ ನಿದ್ದೆ ಹಗುರ, ಅದಕ್ಕೆ ಕತ್ತಲೆ ಕೋಣೆಯೂ ಮನೆಯವರ ಮೌನವೂ ಬೇಕು. ಇವತ್ತು ಎಷ್ಟು ಜನ ಹೋದರು ಎಂದು ಕೇಳಬೇಡಿ. ಅವರಾಗಿ ಹೇಳತೊಡಗಿದರೆ ನಡುವೆ ಸಮಾಧಾನ ಹೇಳಲು ಹೋಗದೆ ಕೇಳಿಸಿಕೊಳ್ಳಿ. ಕೆಲಸದ ಹೆಸರೆತ್ತಿದರೆ ಎದ್ದು ಹೋಗುವುದು, ವಾರಗಟ್ಟಲೆ ನಿದ್ದೆ ಇಲ್ಲದಿರುವುದು, ಕುಡಿತ ಹೆಚ್ಚುವುದು, ಬದುಕಿ ಏನು ಪ್ರಯೋಜನ ಎಂಬ ಮಾತು ಬಾಯಲ್ಲಿ ಬರುವುದು, ಇವು ಕಂಡರೆ ತಡ ಮಾಡದೆ ವೈದ್ಯರಿಗೆ ತೋರಿಸಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಇದೆ. ಇದರ ರಾಷ್ಟ್ರಮಟ್ಟದ ಹೊಣೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯದು. ಸಂಖ್ಯೆ 14416. ದಿನದ ಯಾವ ಹೊತ್ತಿನಲ್ಲಾದರೂ, ಕನ್ನಡದಲ್ಲೇ ಮಾತಾಡಬಹುದು. ಕರೆಗೆ ಹಣವಿಲ್ಲ.